ತೊಳೆಯಬಾರದ ಕೌದಿ

"ಯಾರಪ್ಪಾ ಅದು? ಚಪ್ಪಲಿ ಬಿಡು! ಕೈ ತೊಳ್ಕೋ! ಬಾಯಿ ಮುಚ್ಕೊಂಡು ಒಳಗೆ ಬಾ!"

ಬಾಗಿಲಲ್ಲಿ ನಿಂತಿದ್ದ ಯುವಕ ಬೆಚ್ಚಿಬಿದ್ದ. ತಕ್ಷಣ ಚಪ್ಪಲಿ ಬಿಟ್ಟ. ಮೂಲೆಯ ನಲ್ಲಿಗೆ ಹೋಗಿ ಸೋಪು ಹಚ್ಚಿ ಕೈ ತಿಕ್ಕಿದ. ಮೊಣಕೈಯಿಂದ ಮೈದಾಹಿಟ್ಟಿನ ಬಿಳಿ ನೀರು ಇಳಿಯಿತು. ಆಮೇಲೆ ನಿಜವಾಗಿಯೂ ತುಟಿ ಬಿಗಿಹಿಡಿದು, ಒಳಗೆ ಬಂದು ನಿಂತ.

ಬೆಂಚಿನ ಮೇಲೆ ನಿಂತಿದ್ದ ಹುಡುಗಿಯ ಬಾಯಿ ಮಾತ್ರ ತೆರೆದೇ ಇತ್ತು!

'ಅಯ್ಯೋ... ಅತ್ತೆಯನ್ನ ನಗಿಸೋಕೆ ಸಿಸ್ಟರಮ್ಮನ ದನಿ ಮಾಡಿದ್ರೆ, ಈ ಪುಣ್ಯಾತ್ಮ ಒಂದೂ ಬಿಡದೆ ಪಾಲಿಸಿಬಿಟ್ಟನಲ್ಲ!'

ಅವಳನ್ನು ಎಲ್ಲರೂ ಕರೆಯೋದು ಮೈನಾ ಅಂತ. ಕೇಳಿದ ದನಿಯನ್ನೆಲ್ಲ ಹಾಗೇ ಒಪ್ಪಿಸುವ ಗಂಟಲು ಅವಳದು. ಹಳೇ ಹೊಲಿಗೆ ಯಂತ್ರದ ಕಿರಿಕಿರಿಯಿಂದ ಹಿಡಿದು ಪಕ್ಕದ ಮನೆ ಕುಕ್ಕರಿನ ಸೀಟಿವರೆಗೂ ಮಾಡಿ ತೋರಿಸುತ್ತಾಳೆ. ಒಮ್ಮೆ ಆ ಸೀಟಿ ಕೇಳಿ ಪಕ್ಕದ ಮನೆಯಾಕೆ ಓಡಿಹೋಗಿ ಒಲೆ ಆರಿಸಿ, ಊಟದ ಹೊತ್ತಿಗೆ ಹಸಿ ಬೇಳೆ ಬಡಿಸಿದ್ದೂ ಉಂಟು.

ಕೆಳಗೆ ಸೋದರತ್ತೆಯ ಹೊಲಿಗೆ ಅಂಗಡಿ. ಮೇಲೆ ಈ ಕೋಣೆ. ಅಂಗಿ ಹೊಲಿದು ಉಳಿದ ಪಟ್ಟೆ ಬಟ್ಟೆ, ಸ್ಕೂಲ್ ಯೂನಿಫಾರ್ಮಿನ ನೀಲಿ, ಪರದೆಯ ಹೂವು... ಬಿಸಾಡುವ ಚೂರನ್ನೆಲ್ಲ ಕೂಡಿಸಿ ಇಲ್ಲಿ ಪುಟ್ಟ ಪುಟ್ಟ ಕೌದಿ ಹೊಲಿಯುತ್ತಾರೆ. ಹೊಸದಾಗಿ ಅಪ್ಪ ಅಮ್ಮ ಆದವರಿಗೆ ಸುಮ್ಮನೆ ಕೊಡುತ್ತಾರೆ. ಇದಕ್ಕೆಲ್ಲ ಯಜಮಾನಿ, ನವಜಾತ ಶಿಶುಗಳ ವಾರ್ಡಿನಿಂದ ನಿವೃತ್ತರಾದ ನರ್ಸ್ ಸಿಸ್ಟರಮ್ಮ. ಆಗಷ್ಟೇ ಅವರು ಬಟ್ಟೆ ಒಣಹಾಕಲು ತಾರಸಿಗೆ ಹೋಗಿದ್ದರು.

ಸಿಕ್ಕಿಬಿದ್ದ ಮೇಲೆ ನಾಟಕ ನಿಲ್ಲಿಸೋದು ಹೇಗೆ? ಮೈನಾ ಅದೇ ದನಿಯಲ್ಲಿ ಮುಂದುವರಿಸಿದಳು.

"ಹ್ಞೂಂ. ಈಗ ಬಾಯಿ ಬಿಡು. ಮಗುವಿಗೆ ನೀನೇನು? ಅಪ್ಪನಾ, ಅಮ್ಮನಾ?"

ಯುವಕ ಗೋಡೆಯ ಮೇಲಿನ ಹಲಗೆ ನೋಡಿದ. 'ಕೌದಿಯನ್ನು ತಾಯಿ ಅಥವಾ ತಂದೆಯ ಕೈಗೆ ಮಾತ್ರ ಕೊಡಲಾಗುವುದು.' ಇನ್ನೊಂದು ಸಲ ಓದಿದ.

"ಅ... ಅಪ್ಪ."

"ನೋಡಿದ್ರೆ ಗೊತ್ತಾಗತ್ತೆ, ಅಮ್ಮ ಅಲ್ಲ ಅಂತ!" ಅತ್ತೆಗೆ ನಗು ತಡೆಯಲಾಗಲಿಲ್ಲ. "ಇಳಿಯೇ ಕೆಳಗೆ, ಕಪಿ! ಏನಪ್ಪಾ, ಇವಳು ನನ್ನ ಅಣ್ಣನ ಮಗಳು. ತಲೆ ಕೆಡಿಸ್ಕೋಬೇಡ. ಏನು ಬೇಕು ಹೇಳು."

ಅವನು ನಗಲಿಲ್ಲ. ಬಿಗಿಯಾಗಿ ಕಟ್ಟಿದ್ದ ಒಂದು ಕವರನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ. ಒಳಗೆ ಹಳದಿ ಚುಕ್ಕೆಗಳ ಸ್ಕಾರ್ಫ್, ಕೆಲಸದ ಹೊತ್ತಲ್ಲಿ ತಲೆಗೆ ಕಟ್ಟಿಕೊಳ್ಳುವಂಥದ್ದು.

"ಇದು ಮಗು ತಾಯಿದು. ನಮ್ಮದು ಬೇಕರಿ. ಕೆಲಸ ಮಾಡ್ತಾ ಮಾಡ್ತಾನೇ ಅವಳಿಗೆ ಎದೆನೋವು ಬಂತು. ಮಗು ತಿಂಗಳು ತುಂಬೋ ಮೊದಲೇ ಹುಟ್ಟಿಬಿಡ್ತು. ಅವಳನ್ನ ಊರಾಚೆಯ ಹೃದಯದ ಆಸ್ಪತ್ರೆಗೆ ಸೇರಿಸಿದ್ದಾರೆ, ಮಗು ಇಲ್ಲೇ ವಾರ್ಡಲ್ಲಿ. ಇಬ್ಬರೂ ಇನ್ನೂ ಒಬ್ಬರನ್ನೊಬ್ಬರು ನೋಡಿಲ್ಲ..."

ಅತ್ತೆ ಕತ್ತರಿ ಕೆಳಗಿಟ್ಟರು. ಹಿಂದಿನಿಂದ ಬಂದ ಸಿಸ್ಟರಮ್ಮನೂ ಬಾಗಿಲಲ್ಲೇ ನಿಂತರು.

"ಅಮ್ಮನ ವಾಸನೆ ಹತ್ತಿರ ಇದ್ರೆ ಮಗು ಸಮಾಧಾನ ಆಗತ್ತೆ ಅಂದ್ರು ವಾರ್ಡಿನೋರು. ಆದ್ರೆ ಬಿಡಿ ಬಟ್ಟೆ ಒಳಗೆ ಬಿಡಲ್ಲ, ಇಲ್ಲಿಯ ಕೌದಿ ಮಾತ್ರ ಬಿಡ್ತೀವಿ ಅಂದ್ರು. ಅವಳ ವಾಸನೆ ಇರೋದು ಅಂತ ನನ್ನ ಹತ್ರ ಉಳಿದಿರೋದು ಇದೊಂದೇ. ಇದನ್ನ ತೊಳೀದೆ ಕೌದಿಗೆ ಸೇರಿಸಿ ಕೊಡ್ತೀರಾ?"

ತೊಳೆಯದೆ!

ಸಿಸ್ಟರಮ್ಮನ ಮುಂದೆ ಆಡಬಾರದ ಮಾತು ಅದು. ಕುದಿಯುವ ನೀರಲ್ಲಿ ಮುಳುಗಿ ಏಳದ ಒಂದು ಕೌದಿಯೂ ಈ ಕೋಣೆಯ ಹೊಸಿಲು ದಾಟಿಲ್ಲ. ಹೊಲಿಗೆ ಮುಗಿದ ಕೂಡಲೇ ಹಂಡೆಗೆ, ಹಂಡೆಯಿಂದ ಹಗ್ಗಕ್ಕೆ. ಮೈನಾಳ ಕೈಗಂತೂ ಅದು ಉಸಿರಾಡಿದಷ್ಟೇ ರೂಢಿ.

"ಮಗು ಎಷ್ಟಿದೆ?" ಸಿಸ್ಟರಮ್ಮ ಮೆತ್ತಗೆ ಕೇಳಿದರು.

"ನಮ್ಮ ದೊಡ್ಡ ಬ್ರೆಡ್ಡಿನಷ್ಟೂ ತೂಕ ಇಲ್ಲಮ್ಮ. ಆದ್ರೆ..." ಅವನ ಕಣ್ಣು ಅರಳಿತು. ಗುಡಿಯೊಳಗೆ ಮಾತಾಡುವವನ ಹಾಗೆ ದನಿ ತಗ್ಗಿತು. "ಉಗುರಿದೆ! ಅಷ್ಟು ಚಿಕ್ಕ ಬೆರಳಿಗೂ ಉಗುರಿದೆ! ಬೆಳಕು ಬಿದ್ರೆ ಆಚೆ ಕಡೆ ಕಾಣತ್ತೆ. ಯಾರು ಮಾಡಿದ್ರೋ ಅದನ್ನ... ನಾನು ದಿನಾ ಹೋಗಿ ನೋಡ್ತಾ ನಿಂತ್ಬಿಡ್ತೀನಿ."

ಮೈನಾಳಿಗೆ ಮೈ ಜುಮ್ಮೆಂದಿತು. ಒಂದು ಉಗುರಿನ ಬಗ್ಗೆ ಹೀಗೆ ಮಾತಾಡುವ ಗಂಡಸನ್ನು ಅವಳು ಕಂಡಿರಲಿಲ್ಲ.

"ಮಿಕ್ಕ ಚೂರೆಲ್ಲ ಮೊದಲೇ ಕುದಿಸಿ ಒಣಗಿಸೋಣ," ಎಂದರು ಸಿಸ್ಟರಮ್ಮ. "ಮುಟ್ಟೋರು ಕೈ ತೊಳೆದು ಮುಟ್ಟಲಿ. ಇದೊಂದು ಕೌದಿ ಹಂಡೆಗೆ ಹೋಗೋದು ಬೇಡ. ಮೈನಾ, ನೀನೇ ಹೊಲಿ. ಜೋಪಾನ!"

"ಜೋಪಾನ!" ಮೈನಾ ಅವರದೇ ದನಿಯಲ್ಲಿ ಹೇಳಿದಳು. ಆದರೆ ಈ ಸಲ ಅದು ತಮಾಷೆಯಾಗಿರಲಿಲ್ಲ.

* * *

ಅವನು ದಿನಾ ಸಂಜೆ ಬರತೊಡಗಿದ. ಬೇಕರಿಯಿಂದ ಬಿಸಿ ಬನ್ನು ತಂದು, ವಾರ್ಡಿಗೆ ಹೋಗುವ ಮೊದಲು ಒಂದಿಷ್ಟು ಹೊತ್ತು ಬೆಂಚಿನ ತುದಿಯಲ್ಲಿ ಕೂರುತ್ತಿದ್ದ.

"ಬನ್ನಿ ಬನ್ನಿ," ಎನ್ನುತ್ತಿದ್ದಳು ಮೈನಾ.

"ಮೊದಲನೇದು ನನಗಾ, ಬನ್ನಿಗಾ?"

"ಬಿಸಿ ಯಾವುದು ಅನ್ನೋದರ ಮೇಲೆ!"

ಅವನು ಮೊದಲ ಸಲ ನಕ್ಕಿದ್ದು ಆಗ. ನಕ್ಕ ತಕ್ಷಣ, ನಗಬಾರದಿತ್ತೇನೋ ಎಂಬಂತೆ ಸುಮ್ಮನಾದ. ಆ ಅರ್ಧ ನಗು ಮೈನಾಳ ಎದೆಯಲ್ಲಿ ಸೂಜಿಯ ಹಾಗೆ ಸಿಕ್ಕಿಕೊಂಡಿತು.

ಅವನೂ ಸಹಾಯ ಮಾಡುತ್ತೇನೆ ಎನ್ನುತ್ತಿದ್ದ. ಹಿಟ್ಟು ನಾದುವ ಆ ದಪ್ಪ ಬೆರಳಿಗೆ ಸೂಜಿಯ ಕಣ್ಣು ಸಿಗುತ್ತಲೇ ಇರಲಿಲ್ಲ. ದಾರ ಒದ್ದೆ ಮಾಡಿ, ನಾಲಿಗೆ ಕಚ್ಚಿ, ಒಂದು ಕಣ್ಣು ಮುಚ್ಚಿ...

"ರೀ, ಕಣ್ಣು ಮುಚ್ಚಿದ್ರೆ ಹೇಗೆ? ದಾರಕ್ಕೆ ದಾರಿ ತೋರಿಸ್ಬೇಕು."

"ನನಗೇ ದಾರಿ ಗೊತ್ತಿಲ್ಲ ಮೇಡಂ."

ಹಾಗಂದವನ ಮುಖ ನೋಡಿದಳು. ಅವನೂ ನೋಡಿದ. ಅತ್ತೆ ಕೆಮ್ಮಿದರು.

ಸ್ಕಾರ್ಫನ್ನು ನಡುವೆ ಇಟ್ಟು, ಸುತ್ತ ನೀಲಿ, ಪಟ್ಟೆ, ಹೂವು ಜೋಡಿಸಿ, ಮೈನಾ ಇರುವೆ ಸಾಲಿನಂಥ ಹೊಲಿಗೆ ಹಾಕುತ್ತ ಹೋದಳು. ಬಗ್ಗಿದಾಗಲೆಲ್ಲ ಆ ಸ್ಕಾರ್ಫಿನ ವಾಸನೆ ಮೂಗಿಗೆ ತಾಗುತ್ತಿತ್ತು... ಕೂದಲು, ಬೆವರು, ಸುಟ್ಟ ಸಕ್ಕರೆ. ಯಾರೋ ಒಬ್ಬಳು ಪೂರ್ತಿ ಹೆಂಗಸು ಆ ತುಂಡು ಬಟ್ಟೆಯೊಳಗೆ ಕೂತಿದ್ದಳು.

'ಎಷ್ಟು ಅದೃಷ್ಟವಂತೆ ಇವಳು! ಇವಳ ವಾಸನೆಯನ್ನೂ ಕಾಯ್ದಿಡುವ ಗಂಡ...'

ಹಾಗೆಂದುಕೊಂಡಾಗ ಸೂಜಿ ಬೆರಳಿಗೆ ಚುಚ್ಚಿತು.

'ಛೀ! ಏನು ಯೋಚನೆ ಮಾಡ್ತಿದೀಯೇ? ಒಂದು ಕಡೆ ಹೆಂಡತಿ ಜೀವ ಹಿಡ್ಕೊಂಡು ಮಲಗಿದ್ದಾಳೆ, ಇನ್ನೊಂದು ಕಡೆ ಕೂಸು. ನೀನು ಅವನ ನಗು ಎಣಿಸ್ತಾ ಕೂತಿದ್ದೀಯಾ?'

ಆದರೆ ಮನಸ್ಸು ಕೇಳಬೇಕಲ್ಲ! ಹೊಲಿಯಲು ಕೂತವಳು 'ಹ' ಬಿಟ್ಟು ಒಲಿದೇಬಿಟ್ಟಿದ್ದಳು.

ಈಗ ನಿಮಗೊಂದು ಗುಟ್ಟು ಹೇಳುತ್ತೇನೆ. ಮೈನಾಳಿಗೆ ಮಾತ್ರ ಹೇಳಬೇಡಿ. ಅವನು ಆ ಮಗುವಿನ ಅಪ್ಪ ಅಲ್ಲ. ಸೋದರಮಾವ! ಮಗುವಿನ ತಾಯಿ ಅವನ ತಂಗಿ. ಅವಳ ಗಂಡ ಸರಕು ಹಡಗಿನಲ್ಲಿ ಅಡುಗೆಯವನು, ಹಡಗು ದಡ ಕಾಣುವವರೆಗೆ ಬರಲಾರ. ಮಾವ ಅಂದರೆ ಕೌದಿ ಸಿಗಲಿಕ್ಕಿಲ್ಲ ಅಂತ ಆ ಹಲಗೆ ನೋಡಿ ಹೆದರಿ, 'ಅಪ್ಪ' ಅಂದುಬಿಟ್ಟಿದ್ದ. ವಾರ್ಡಿನಲ್ಲೂ ನರ್ಸುಗಳು ಬಂದ ಗಂಡಸರನ್ನೆಲ್ಲ "ಮಗು ಅಪ್ಪಾ, ಪಕ್ಕಕ್ಕೆ ನಿಲ್ಲಿ" ಅನ್ನುತ್ತಿದ್ದರು. ತಿದ್ದುವ ಗೋಜಿಗೆ ಅವನು ಹೋಗಿರಲಿಲ್ಲ. ಈಗ ಮೈನಾಳಿಗೆ ನಿಜ ಹೇಳಬೇಕೆಂದು ದಿನಾ ಬಾಯಿ ತೆರೆಯುತ್ತಿದ್ದ... ಮೊದಲ ದಿನವೇ ಸುಳ್ಳು ಹೇಳಿದವನು ಅಂತ ಅಸಹ್ಯಪಟ್ಟರೆ? ಬಾಯಿಗೆ ಬನ್ನು ತುರುಕಿಕೊಳ್ಳುತ್ತಿದ್ದ.

* * *

ಕೌದಿ ಮುಗಿಯುತ್ತ ಬಂದ ದಿನ ಅವನು ಹೊರಡುವ ಮುಂಚೆ ಬಾಗಿಲಲ್ಲಿ ತಿರುಗಿ ನಿಂತಿದ್ದ.

"ನಾಳೆ ಬೆಳಗ್ಗೆ ತಗೊಂಡು ಹೋಗ್ತೀನಿ. ಆಮೇಲೆ... ನಿಮ್ಮ ಹತ್ರ ಒಂದು ಮಾತು ಹೇಳೋದಿದೆ."

ಆ ಒಂದು ಮಾತು ಅವಳನ್ನು ನಿದ್ದೆ ಮಾಡಲು ಬಿಡಲಿಲ್ಲ. 'ಏನಿರಬಹುದು? ಛೆ, ಥ್ಯಾಂಕ್ಸ್ ಅಂತಾನೆ, ಅಷ್ಟೇ. ಹೆಂಡತಿ ಮಗು ಜೊತೆ ಚೆನ್ನಾಗಿರಲಿ. ನಾಳೆಯಿಂದ ಅವನ ದಾರಿ ಅವನಿಗೆ...' ಬೆಳಗ್ಗೆ ಹಂಡೆ ಕಾಯಿಸುವಾಗಲೂ ಅದೇ ಯೋಚನೆ. ಕೊನೆಯ ದಾರ ಕತ್ತರಿಸಿದಳು. ಕೌದಿ ಕೊಡವಿದಳು. ಕೈ ತನ್ನ ಪಾಡಿಗೆ ತಾನು ನಡೆಯಿತು. ಕೋಲಿನಿಂದ ಒತ್ತಿದಳು, ತಿರುವಿದಳು.

ಸೋಪಿನ ಹಬೆ ಮುಖಕ್ಕೆ ಬಡಿಯಿತು.

ಹಳದಿ ಚುಕ್ಕೆಗಳು ನೀರಿನ ಮೇಲೆ ತೇಲಿದವು.

"ಅಯ್ಯೋ...! ಅಯ್ಯೋ, ನಾನೇನು ಮಾಡಿಬಿಟ್ಟೆ!"

ಸುಡುವ ನೀರಿಗೆ ಬರಿಗೈ ಹಾಕಿ ಎಳೆದಳು. ಅದನ್ನು ಮುಖಕ್ಕೆ ಒತ್ತಿಕೊಂಡು ಮೂಸಿದಳು. ಸೋಪು. ಇನ್ನೊಮ್ಮೆ ಮೂಸಿದಳು. ಸೋಪು, ಬರೀ ಸೋಪು. ಆ ಹೆಂಗಸು ಎದ್ದು ಹೋಗಿದ್ದಳು.

ಅವನು ಬಂದಾಗ ಕೌದಿ ಹಗ್ಗದ ಮೇಲೆ ನೀರು ಸುರಿಸುತ್ತಿತ್ತು. ಹೇಳುವುದೇ ಬೇಕಾಗಲಿಲ್ಲ. ಅವನು ಅದನ್ನು ನೋಡಿದ, ಅವಳ ಕೆಂಪಾದ ಕೈ ನೋಡಿದ. 

"ಬೇಕು ಅಂತ ಮಾಡಿದ್ದಲ್ಲ... ರೂಢಿ... ಕೈ ತಾನಾಗೇ..."

"ಇವತ್ತು ಮಗು ಹಾಲು ಕುಡೀತಿಲ್ಲ ಅಂದ್ರು," ಎಂದ ಅವನು, ಹಗ್ಗದ ಮೇಲಿಂದ ಕಣ್ಣು ತೆಗೆಯದೆ. "ಈ ಕೌದಿ ಒಂದು ಬರಲಿ ಅಂತ ಕಾಯ್ತಿದ್ದೆ. ನಿಮಗೆ ಎಲ್ಲಾ ತಮಾಷೆ ಅಲ್ವಾ? ಎಲ್ಲರ ದನಿ ಮಾಡಿ ತೋರಿಸ್ತೀರಲ್ಲ... ಈಗ ಅವಳ ವಾಸನೆ ಮಾಡಿ ತೋರಿಸಿ, ನೋಡೋಣ!"

ಮೆಟ್ಟಿಲಿಳಿದು ಹೋದ. ಚಪ್ಪಲಿಯನ್ನೂ ಸರಿಯಾಗಿ ಮೆಟ್ಟಿರಲಿಲ್ಲ.

ಮೈನಾ ನೆಲದ ಮೇಲೆ ಕೂತುಬಿಟ್ಟಳು. ಅತ್ತೆ ಬಂದು ಸುಟ್ಟ ಕೈಗೆ ತಣ್ಣೀರು ಹಾಕಿದರು. ಬೈಯಲಿಲ್ಲ. ಅದೇ ಹೆಚ್ಚು ನೋವು.

"ಅತ್ತೆ, ನಾನು ಅವನ ಬಗ್ಗೆ ಯೋಚಿಸ್ತಿದ್ದೆ. ಅವನ ಬಗ್ಗೆ ಯೋಚಿಸ್ತಾ ಅವನ ಹೆಂಡ್ತಿನೇ ತೊಳೆದುಬಿಟ್ಟೆ..."

ಅತ್ತೆಯ ಕೈ ನಿಂತಿತು. ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು.

ಅವನ ಮಾತು ಅವಳ ಕಿವಿಯಲ್ಲಿ ತಿರುಗುತ್ತಲೇ ಇತ್ತು. ವಾಸನೆ ಮಾಡಿ ತೋರಿಸಿ... ಮಾಡಿ ತೋರಿಸಿ... ಥಟ್ಟನೆ ಎದ್ದು ನಿಂತಳು.

"ಮಾಡೋಕೆ ಆಗಲ್ಲ ಅತ್ತೆ. ಆದ್ರೆ ತರೋಕೆ ಆಗತ್ತಲ್ಲ!"

ಸಿಸ್ಟರಮ್ಮ ಅಷ್ಟರಲ್ಲಾಗಲೇ ಹೃದಯದ ಆಸ್ಪತ್ರೆಗೆ ಫೋನ್ ಹಚ್ಚಿದ್ದರು. ಇಷ್ಟು ದಿನ ಆ ತಾಯಿಯ ಹತ್ತಿರ ಹೊರಗಿನ ಒಂದು ಚೂರು ಬಟ್ಟೆಯನ್ನೂ ಬಿಡುತ್ತಿರಲಿಲ್ಲ. "ಇವತ್ತು ಬೆಳಗ್ಗೆ ತಾನೇ ಸಾಮಾನ್ಯ ವಾರ್ಡಿಗೆ ತಂದಿದ್ದಾರಂತೆ ಕಣೇ. ಓಡು! ಅದನ್ನ ಇಸ್ತ್ರಿ ಮಾಡಿ ಒಣಗಿಸಿಕೊಂಡು ಓಡು!"

* * *

ಬಸ್ಸಿನುದ್ದಕ್ಕೂ ಮೈನಾ ಮಾತು ಅಭ್ಯಾಸ ಮಾಡಿದಳು. 'ಅಕ್ಕ, ತಪ್ಪಾಯ್ತು. ಅಕ್ಕ, ಬೈಯಿರಿ. ಅಕ್ಕ, ನಿಮ್ಮ ಗಂಡ ತುಂಬಾ ಒಳ್ಳೆಯವರು.' ಕೊನೆಯದು ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಕಿಟಕಿ ಪಕ್ಕದ ಮಂಚದಲ್ಲಿ ಕಾಗದದಷ್ಟು ತೆಳ್ಳಗಿನ ಹೆಂಗಸು ಮಲಗಿದ್ದಳು. ಮೈನಾ ಬಾಯಿ ತೆರೆಯುವ ಮೊದಲೇ ಅವಳ ಕಣ್ಣು ಕೌದಿಯ ಹಳದಿ ಚುಕ್ಕೆಗಳ ಮೇಲೆ ಬಿತ್ತು.

"ನನ್ನ ಸ್ಕಾರ್ಫ್! ನೀವು... ಮೈನಾ ಅಲ್ವಾ?"

"ನಿಮಗೆ ಹೇಗೆ ಗೊತ್ತು?"

"ನನಗೆ ಮಾತಾಡೋಕೆ ಆಗ್ತಿರಲಿಲ್ಲ. ಅಣ್ಣ ದಿನಾ ಫೋನ್ ಮಾಡೋನು, ನರ್ಸು ಕಿವಿ ಹತ್ರ ಹಿಡಿಯೋರು. ಮೊದಲು ಮಗು ಸುದ್ದಿ ಹೇಳೋನು, ಆಮೇಲೆ ಮೈನಾ ಸುದ್ದಿ. ಮೈನಾ ಹಂಗಂದ್ರು, ಮೈನಾ ಹಿಂಗಂದ್ರು... ಕೊನೆಕೊನೆಗೆ ಮಗು ಸುದ್ದಿನೇ ಸಣ್ಣದಾಗೋಯ್ತು!"

ಮೈನಾಳ ಕಿವಿಗೆ ಒಂದೇ ಒಂದು ಶಬ್ದ ತಗುಲಿ ನಿಂತಿತ್ತು.

"ಅಣ್ಣ...? ಯಾರ ಅಣ್ಣ?"

"ನನ್ನಣ್ಣ. ಬೇಕರಿ. ನಿಮ್ಮ ಹತ್ರ ಬರ್ತಾನಲ್ಲ?"

"ಅವರು... ಮಗು ಅಪ್ಪ ಅಂತ..."

ತಾಯಿ ಒಂದು ಕ್ಷಣ ಪಿಳಿಪಿಳಿ ನೋಡಿದಳು. ಆಮೇಲೆ ಎದೆಯ ಆಪರೇಷನ್ನಿನ ಹೊಲಿಗೆಯನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡಳು. "ಅಯ್ಯೋ, ನಗಿಸಬೇಡಿ, ಹೊಲಿಗೆ ಬಿಚ್ಚತ್ತೆ! ಅವನಾ? ಅಪ್ಪನಾ? ಅವನಿಗೆ ಮದುವೆ ಇರಲಿ, ಹುಡುಗಿ ಮುಂದೆ ನಿಂತು ನೀರು ಕೇಳೋಕೂ ಧೈರ್ಯ ಇಲ್ಲ!"

ಮೈನಾ ನಕ್ಕಳೋ, ಅತ್ತಳೋ, ಅವಳಿಗೇ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ಪಾಪ ಇಳಿದುಹೋಗಿತ್ತು, ತಪ್ಪು ಉಳಿದಿತ್ತು. ಎಲ್ಲವನ್ನೂ ಹೇಳಿದಳು. ಹಂಡೆ, ಹಬೆ, ಸೋಪು.

ತಾಯಿ ಕೈ ಚಾಚಿದಳು. ಕೌದಿಯನ್ನು ತೆಗೆದುಕೊಂಡು ಅಂಗಿಯೊಳಗೆ, ಕತ್ತಿನ ಕೆಳಗೆ ಮೈಗೆ ತಾಗುವಂತೆ ಇಟ್ಟು ಅಪ್ಪಿಕೊಂಡಳು. ಕಣ್ಣು ಮುಚ್ಚಿದಳು. ಅಪ್ಪಿಕೊಂಡದ್ದು ಬಟ್ಟೆಯಲ್ಲ ಅಂತ ನೋಡಿದರೆ ಗೊತ್ತಾಗುತ್ತಿತ್ತು.

ಮೈನಾ ಸಂಜೆಯವರೆಗೂ ಪಕ್ಕದಲ್ಲೇ ಕೂತಿದ್ದಳು. ಹೊರಡುವ ಹೊತ್ತಿಗೆ ತಾಯಿ ಅವಳ ಬೆರಳು ಹಿಡಿದಳು.

"ಮೈನಾ, ನೀವು ಯಾರ ದನಿ ಬೇಕಾದ್ರೂ ಮಾಡ್ತೀರಂತೆ. ಮಗು ವಾರ್ಡಿನೊಳಗೆ ಫೋನ್ ಬಿಡಲ್ಲ. ಹೊಟ್ಟೆಯಲ್ಲಿದ್ದಾಗ ಕೆಲಸ ಮಾಡ್ತಾ ಮಾಡ್ತಾ ನಾನು ಮಗುಗೆ ಒಂದು ಮಾತು ಹೇಳ್ತಿದ್ದೆ. 'ಏ ಉಂಡೆ, ಉಬ್ಬೇ ಉಂಡೆ, ಉಬ್ಬಿ ಉಬ್ಬಿ ದೊಡ್ಡದಾಗೇ.' ಹಿಟ್ಟಿಗೂ ಅದೇ ಹೇಳೋದು, ಮಗುಗೂ ಅದೇ..." ನಾಚಿದಳು. "ನನ್ನ ದನಿ ತಗೊಂಡು ಹೋಗ್ತೀರಾ?"

ಮೈನಾ ಎಷ್ಟೋ ಜನರ ದನಿ ಕದ್ದಿದ್ದಳು. ಯಾರೂ ಇದುವರೆಗೆ ತಾವಾಗಿ ಕೊಟ್ಟಿರಲಿಲ್ಲ.

"ಇನ್ನೊಂದು ಸಲ ಹೇಳಿ ಅಕ್ಕ," ಎಂದಳು, ಕಣ್ಣೊರೆಸಿಕೊಂಡು.

* * *

ಸಿಸ್ಟರಮ್ಮನ ಹಳೆಯ ವಾರ್ಡು. ಬಾಗಿಲಲ್ಲಿ ಅವರೇ ನಿಂತು ಮೈನಾಳಿಗೆ ಗೌನು ತೊಡಿಸಿದರು, ಕೈ ತೊಳೆಸಿದರು. "ನಾನು ಹೇಳಿದ್ದೀನಿ. ಹೋಗು."

ಗಾಜಿನ ಪೆಟ್ಟಿಗೆಯ ಆಚೆ ಅವನು ಬೆನ್ನು ತಿರುಗಿಸಿ, ಗೋಡೆಗೆ ಹಣೆ ಒತ್ತಿ ನಿಂತಿದ್ದ. ಪೆಟ್ಟಿಗೆಯೊಳಗೆ...

ಮೈನಾ ಬಗ್ಗಿ ನೋಡಿದಳು.

ಇಷ್ಟು ಚಿಕ್ಕದಾ ಮನುಷ್ಯ! ಕಿವಿ, ಆ ಕಿವಿಯ ಮಡಿಕೆ, ರೆಪ್ಪೆಯ ಕೂದಲು, ಸಾಸಿವೆಯಷ್ಟು ಬೆರಳ ಗಂಟು. ಇಡೀ ಬೆನ್ನು ಅವಳ ಅಂಗೈಯಷ್ಟೇ. ಅದರೊಳಗೆ ಒಂದು ಹೃದಯ ಕೂತು ಹೊಲಿಗೆ ಯಂತ್ರಕ್ಕಿಂತ ಜೋರಾಗಿ ಓಡುತ್ತಿತ್ತು. ಮುಷ್ಟಿ ಬಿಗಿದು, ಮುಖ ಸಿಂಡರಿಸಿ, ದನಿಯಿಲ್ಲದೆ ಅಳುತ್ತಿತ್ತು. ಅಳಲಿಕ್ಕೂ ಇನ್ನೂ ಕಲಿಯಬೇಕಾಗಿತ್ತು ಪಾಪ. ಮತ್ತೆ ಉಗುರು... ಹೌದು, ಉಗುರಿತ್ತು. ಬೆಳಕು ಆಚೆ ಕಡೆ ಕಾಣುತ್ತಿತ್ತು.

ನರ್ಸು ಕೌದಿಯನ್ನು ಮಡಿಸಿ, ಹಳದಿ ಚುಕ್ಕೆಯ ಭಾಗವನ್ನು ಮಗುವಿನ ಕೆನ್ನೆ ಪಕ್ಕಕ್ಕೆ ಸರಿಸಿದರು.

ಮೈನಾ ಪೆಟ್ಟಿಗೆಯ ಕಿಂಡಿಗೆ ಬಾಯಿ ತಂದಳು. ಗಂಟಲಲ್ಲಿ ಇಡೀ ದಾರಿ ಚೆಲ್ಲದಂತೆ ಹೊತ್ತು ತಂದಿದ್ದನ್ನು ಮೆಲ್ಲಗೆ ಬಿಟ್ಟಳು.

"ಏ ಉಂಡೆ... ಉಬ್ಬೇ ಉಂಡೆ... ಉಬ್ಬಿ ಉಬ್ಬಿ ದೊಡ್ಡದಾಗೇ..."

ಗೋಡೆಯತ್ತ ನಿಂತವನು ಸಿಡಿಲು ಬಡಿದಂತೆ ತಿರುಗಿದ. ತಂಗಿಯ ದನಿ! ಇಲ್ಲಿ?

ಮಗುವಿನ ಮುಖ ಸಡಿಲವಾಯಿತು. ಮೂಗು ಒಮ್ಮೆ ಅರಳಿತು. ಆ ಪುಟ್ಟ ತಲೆ, ಯಾರೂ ತಿರುಗಿಸದೆ, ತಾನಾಗಿ, ಹಳದಿ ಚುಕ್ಕೆಗಳ ಕಡೆಗೆ ಇಷ್ಟಿಷ್ಟೇ ಹೊರಳಿತು. ಕೆನ್ನೆ ಬಟ್ಟೆಗೆ ತಾಗಿತು. ಬಿಗಿದ ಮುಷ್ಟಿ ಬಿಚ್ಚಿಕೊಂಡಿತು, ಒಂದು ಬೆರಳು... ಇನ್ನೊಂದು ಬೆರಳು... ಕೌದಿಯ ಅಂಚನ್ನು ಹಿಡಿದುಕೊಂಡಿತು.

 ಇಂಥದ್ದನ್ನು ಎಷ್ಟೋ ನೋಡಿದ್ದ ನರ್ಸು ಕೂಡ ಕೈ ಕಟ್ಟಿ ನಿಂತುಬಿಟ್ಟರು. ಬಿಸಾಡಬೇಕಿದ್ದ ಚೂರುಗಳ ಮೇಲೆ ಒಂದು ಜೀವ ತನ್ನ ಅಮ್ಮನನ್ನು ಗುರುತು ಹಿಡಿದಿತ್ತು.

ಮಗು ಬಾಯಿ ಚಪ್ಪರಿಸಿತು.

"ಹಾಲು ತಗೊಂಡ್ಬನ್ನಿ!" ನರ್ಸು ಪಿಸುಗುಟ್ಟಿದರು.

* * *

ಹೊರಗಿನ ಬೆಂಚಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತರು. ಅವನು ಅವಳ ಕೆಂಪಾದ ಕೈಯನ್ನೇ ನೋಡುತ್ತಿದ್ದ.

"ಬೆಳಗ್ಗೆ ನಾನು ಆಡಿದ ಮಾತು... ಕ್ಷಮಿಸಿ."

ಮೈನಾ ಗಂಟಲು ಸರಿಮಾಡಿಕೊಂಡಳು. ಸಿಸ್ಟರಮ್ಮನ ದನಿ ಗುಡುಗಿತು. "ಅದಿರಲಿ! ಮಗುವಿಗೆ ನೀನೇನಪ್ಪಾ? ಅಪ್ಪನಾ, ಅಮ್ಮನಾ?"

ಅವನ ಮುಖ ಕಿವಿತನಕ ಕೆಂಪಾಯಿತು. "ಮಾ... ಮಾವ. ಹಲಗೆ ನೋಡಿ ಹೆದರಿ ಸುಳ್ಳು ಹೇಳಿದೆ. ಇವತ್ತು ಹೇಳಬೇಕು ಅಂತಿದ್ದಿದ್ದು ಅದೇ."

"ಅದೊಂದೇನಾ?" ಈಗ ಅತ್ತೆಯ ದನಿ.

"ಇನ್ನೊಂದಿದೆ. ನನಗೆ ಮನೆಯಲ್ಲಿ ಯಾರೂ ಕಾಯ್ತಾ ಇಲ್ಲ. ಆದ್ರೆ ಸಂಜೆ ಆದ್ರೆ ಸಾಕು, ಕಾಲು ನಿಮ್ಮ ಮೆಟ್ಟಿಲ ಕಡೆಗೇ ಬರತ್ತೆ. ಬನ್ನು ಬರೀ ನೆಪ." ನೆಲ ನೋಡುತ್ತಲೇ ಹೇಳಿದ. "ನಿಮಗೆ ಏನನ್ನಿಸತ್ತೆ?"

ಅವಳು ಅವನ ತಂಗಿಯ ದನಿಯಲ್ಲಿ ಶುರುಮಾಡಿದಳು. "ಅಣ್ಣಾ, ನಿನಗಷ್ಟು ಧೈರ್ಯ ಎಲ್ಲಿಂದ..."

"ಬೇಡ," ಎಂದ ಅವನು ಮೆಲ್ಲಗೆ. "ಯಾರ ದನಿಯೂ ಬೇಡ. ನಿಮ್ಮ ದನಿಯಲ್ಲಿ ಹೇಳಿ."

ಮೈನಾ ಬಾಯಿ ತೆರೆದಳು. ಏನೂ ಬರಲಿಲ್ಲ. ಊರಿನವರ ದನಿಯೆಲ್ಲ ತುಂಬಿದ್ದ ಆ ಗಂಟಲಲ್ಲಿ ತನ್ನದು ಎಲ್ಲಿಟ್ಟಿದ್ದಳೋ, ಹುಡುಕಬೇಕಾಯಿತು. ಕೊನೆಗೆ ಸಿಕ್ಕಿತು. ತೀರಾ ಚಿಕ್ಕದು, ಈಗಷ್ಟೇ ಹುಟ್ಟಿದ ಹಾಗೆ ನಡುಗುತ್ತಿತ್ತು.

"ನಾಳೆನೂ... ಬನ್ನಿ."

"ಬನ್ನು ತರಲಾ?"

"ಬೇಡ. ನೀವು ಬನ್ನಿ. ದಿನಾ ಬನ್ನಿ."

ಅವನು ಅವಳ ಸುಟ್ಟ ಕೈಯನ್ನು, ಗಾಜಿನ ಪೆಟ್ಟಿಗೆಯೊಳಗೆ ಕೈ ಹಾಕುವವನಷ್ಟೇ ಜೋಪಾನವಾಗಿ, ತನ್ನೆರಡು ಕೈಯೊಳಗೆ ತೆಗೆದುಕೊಂಡ.

ವಾರ್ಡಿನ ಬಾಗಿಲು ತೆರೆಯಿತು.

"ಏಯ್! ಮುಟ್ಟೋ ಮುಂಚೆ ಕೈ ತೊಳ್ಕೊಂಡ್ರಾ ಇಬ್ಬರೂ?"

"ಈಗ ಇದು ನೀವಾ?" ಅವನು ಕಣ್ಣರಳಿಸಿ ಪಿಸುಗುಟ್ಟಿದ.

"ಅಲ್ಲ," ಎಂದಳು ಮೈನಾ, ಕೈ ಬಿಡಿಸಿಕೊಳ್ಳದೆ. "ಅದು ನಿಜವಾಗ್ಲೂ ಸಿಸ್ಟರಮ್ಮ. ಇದು ನಾನು."